ಲಾಳಿಯ ಓಟ: ಮೈದಾನದ ನಡುವೆ ಕಾರ್ಲ್ಟನ್ ಚಾಪ್‌ಮನ್

ಅಧ್ಯಕ್ಷರೇ, ಈ ದತ್ತಿ ಇಟ್ಟ ಮನೆತನದ ಹಿರಿಯರೇ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಬಂದಿರುವ ಶಿಕ್ಷಕ ಬಂಧುಗಳೇ, ಹಿಂದಿನ ಸಾಲಿನಲ್ಲಿ ಪಿಸುಗುಡುತ್ತ ಕೂತಿರುವ ಮಕ್ಕಳೇ,

ಸಭೆಗೆ ಮುಂಚೆ ಚಹಾ ಕುಡಿಯುತ್ತ ನಿಂತಿದ್ದಾಗ ಹಿರಿಯರೊಬ್ಬರು ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಬಂದರು. “ಏನ್ರಿ ಮಾಸ್ತರ, ಹೊಂಗಲದಾಗ ಕುಸ್ತಿ ಬಿಟ್ಟು ಚೆಂಡ ಯಾಕ ಹಿಡದ್ರಿ?” ಎಂದರು. “ಹಿಡದಿಲ್ರಿ ಅಜ್ಜಾರ, ಈ ಆಟದಾಗ ಹಿಡದ್ರ ತಪ್ಪು. ಒದಿಯಾಕ ಬಂದೇನಿ” ಎಂದೆ. ಅವರು ನಕ್ಕರು. ಆದರೆ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅವರು ಈಗ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ನಮ್ಮ ಕಡೆಯ ಆಟಗಳನ್ನು ಗೊತ್ತುಮಾಡಿದ್ದು ನಮ್ಮ ಮಣ್ಣು. ಎರೆ ನೆಲ ಮಳೆಗಾಲದಲ್ಲಿ ಕಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ ಚೆಂಡು ಹೇಳಿದ ಕಡೆ ಉರುಳುವುದಿಲ್ಲ. ಗರಡಿಗೆ ಒಂದು ಕೋಣೆಯಷ್ಟು ಜಾಗ ಸಾಕು. ಕೆಮ್ಮಣ್ಣು ತಂದು ಹದಮಾಡಿ ಹರವಿದರೆ ಊರಿನ ಪೈಲ್ವಾನರು ಹತ್ತು ತಲೆಮಾರು ಆಡಬಹುದು. ಕಬಡ್ಡಿ, ಖೋಖೋಗಳಿಗೆ ಸುಣ್ಣದ ಗೆರೆ ಎಳೆದರೆ ಆಯಿತು. ಫುಟ್‌ಬಾಲ್ ಬೇರೂರಿದ್ದು ದಂಡು ಇಳಿದ ಕಡೆ: ನಮ್ಮ ಜಿಲ್ಲೆಯಲ್ಲಿ ಬೆಳಗಾವಿಯ ಕ್ಯಾಂಪು, ಕೆಳಗೆ ಬೆಂಗಳೂರಿನ ದಂಡು ಪ್ರದೇಶ. ಸೋಜಿರರು ಒದ್ದ ಚೆಂಡನ್ನು ಬೇಲಿಯಾಚೆ ನಿಂತು ಎತ್ತಿಕೊಟ್ಟ ಹುಡುಗರು ಒಂದು ದಿನ ತಾವೇ ಒದೆಯತೊಡಗಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಾಗ, ಅದುವರೆಗೆ ಬಹುಮಟ್ಟಿಗೆ ಗೋರಾ ಪಲ್ಟಣಗಳ ಸೊತ್ತಾಗಿದ್ದ ಆ ಕಪ್ಪು ಬೆಂಗಳೂರಿನ ಓಣಿಗಳಿಗೆ ಬಂತು. ಮುಂದೆ ಮೈಸೂರು ರಾಜ್ಯದ ತಂಡ 1946–47 ಮತ್ತು 1968–69ರ ನಡುವೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು.

ಇನ್ನು ನನ್ನ ಮಾತು. ಮೂವತ್ತು ವರ್ಷ ನಾನು ಪಿ.ಟಿ. ಮಾಸ್ತರ. ಸೀಟಿ ಊದಿ ರೂಢಿ, ಮೈಕಿನ ರೂಢಿ ಇಲ್ಲ. ಶಾಲೆಗೆ ಮೊದಲ ಸಲ ಫುಟ್‌ಬಾಲ್ ಬಂದಾಗ ಇಪ್ಪತ್ತೆರಡು ಹುಡುಗರನ್ನು ಎರಡು ಪಾಲು ಮಾಡಿ ನಿಲ್ಲಿಸಿ ಸೀಟಿ ಊದಿದೆ. ಮರುಗಳಿಗೆಯಲ್ಲಿ ಇಪ್ಪತ್ತೆರಡೂ ಜನ ಚೆಂಡಿನ ಮೇಲೆ, ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ. ಆಟ ನಿಲ್ಲಿಸಿ ಜಾಗ ಹಂಚಿದೆ. ಗೋಲಿಗೆ ಇವನು, ಹಿಂದೆ ಇವರು, ಮುಂದೆ ಅವರು. ತೆಳ್ಳಗಿನ, ದಮ್ಮಿದ್ದ ಒಬ್ಬ ಹುಡುಗನಿಗೆ “ನೀನು ನಡುವೆ ನಿಲ್ಲು” ಎಂದೆ. ಅವನ ಮುಖ ಸಣ್ಣದಾಯಿತು. “ಸರ, ನನ್ನ ಮುಂದ ಹಾಕ್ರಿ. ನಡುವ ನಿಂತ್ರ ಗೋಲ್ ಹೊಡದಂಗೂ ಆಗೂದಿಲ್ಲ, ತಡದಂಗೂ ಆಗೂದಿಲ್ಲ. ಸುಮ್ನ ಓಡಾಡೂದು ಅಷ್ಟ” ಎಂದ.

ಅವತ್ತು ನನ್ನ ಹತ್ತಿರ ಉತ್ತರವಿರಲಿಲ್ಲ. “ಹೇಳಿದಷ್ಟು ಮಾಡು” ಎಂದು ಗದರಿದೆ. ಉತ್ತರ ಗೊತ್ತಿಲ್ಲದ ಮಾಸ್ತರರೆಲ್ಲ ಮಾಡುವುದು ಅದನ್ನೇ. ಈ ಉಪನ್ಯಾಸ, ತಡವಾಗಿಯಾದರೂ, ಆ ಹುಡುಗನಿಗೆ ಕೊಡುತ್ತಿರುವ ಉತ್ತರ. ಅದಕ್ಕಾಗಿ ಒಬ್ಬ ಕನ್ನಡ ನಾಡಿನ ಆಟಗಾರನ ಬದುಕನ್ನು ಆಯ್ದುಕೊಂಡಿದ್ದೇನೆ. ಆತ ಕಾರ್ಲ್ಟನ್ ಚಾಪ್‌ಮನ್.

ಚಾಪ್‌ಮನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1971ರ ಏಪ್ರಿಲ್ 13ರಂದು. 1990ರಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. ಆ ಅಕಾಡೆಮಿ ಶುರುವಾಗಿ ಆಗ ಮೂರೇ ವರ್ಷ. ಊಟ, ವಸತಿ, ಓದು, ಚೆಂಡು ಎಲ್ಲವನ್ನೂ ಒಂದೇ ಆವರಣದಲ್ಲಿ ಕೊಟ್ಟು ಹುಡುಗರನ್ನು ಆಟಗಾರರನ್ನಾಗಿ ಬೆಳೆಸುವ ಅಂಥ ಜಾಗ ದೇಶದಲ್ಲಿ ಆಗ ಅಪರೂಪ. ನಮ್ಮವರಿಗೆ ತಿಳಿಯುವ ಹಾಗೆ ಹೇಳುವುದಾದರೆ ಅದು ಚೆಂಡಿನ ಗರಡಿ. ಅಲ್ಲಿಂದ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಅವರನ್ನು ಕರೆದುಕೊಂಡಿತು.

ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡ ಕೋಲ್ಕತ್ತಕ್ಕೆ ಬಂತು. ಇರಾಕಿನ ಫುಟ್‌ಬಾಲ್ ಎಂದರೆ ಆಗ ನಮ್ಮವರು ಎದುರು ನಿಲ್ಲಲು ಹಿಂಜರಿಯುವಂಥದ್ದು. ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಆರರಲ್ಲಿ ಮೂರು ಗೋಲು ಚಾಪ್‌ಮನ್‌ರವು. ಹೊಸದಾಗಿ ಬಂದ ಇಪ್ಪತ್ತೆರಡರ ಹುಡುಗನ ಹೆಸರು ಒಂದೇ ಸಂಜೆಯಲ್ಲಿ ಊರೆಲ್ಲ ಆಯಿತು.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಚಾಪ್‌ಮನ್ ತೀರಿಕೊಂಡಾಗ ಬರೆದವರು ಬಹಳಷ್ಟು ಜನ ಮೊದಲು ನೆನೆದದ್ದು ಆ ಮೂರು ಗೋಲುಗಳನ್ನೇ. ಆದರೆ ಅವರ ಜೀವನದ ಕೆಲಸ ಗೋಲು ಹೊಡೆಯುವುದಾಗಿರಲಿಲ್ಲ. ಇಡೀ ವರ್ಷ ಅಡಿಗೆ ಮಾಡಿ ಬಡಿಸಿದವಳನ್ನು ಜಾತ್ರೆಯ ದಿನ ಹೋಳಿಗೆ ಚೆನ್ನಾಗಿತ್ತು ಎಂದು ಹೊಗಳಿದ ಹಾಗೆ. ಹೋಳಿಗೆ ಚೆನ್ನಾಗಿತ್ತು, ನಿಜ. ದಿನದ ರೊಟ್ಟಿ?

ದಿನದ ರೊಟ್ಟಿ ಏನೆಂದು ತಿಳಿಯಲು ನಾವು ರಾಮದುರ್ಗಕ್ಕೆ ಹೋಗಬೇಕು. ಅಲ್ಲಿಂದ ಬಂದವರು ಈ ಸಭೆಯಲ್ಲಿದ್ದಾರೆ, ತಪ್ಪಿದರೆ ತಿದ್ದಲಿ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು ಹಾಸು. ಅಡ್ಡಕ್ಕೆ ಸೇರುವುದು ಹೊಕ್ಕು. ಹಾಸು ಇದ್ದಲ್ಲೇ ಇರುತ್ತದೆ. ಹೊಕ್ಕನ್ನು ಹೊತ್ತ ಲಾಳಿ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ. ಪ್ಯಾಟಿಯಲ್ಲಿ ಸೀರೆ ಬಿಚ್ಚಿದಾಗ ಹೆಣ್ಣುಮಕ್ಕಳು ಸೆರಗು ನೋಡುತ್ತಾರೆ, ಅಂಚು ಹಿಡಿದು ನೋಡುತ್ತಾರೆ. “ಹೊಕ್ಕು ಭಾಳ ಚಂದ ಐತಿ” ಎಂದು ಕೊಂಡವರನ್ನು ನಾನು ಕಂಡಿಲ್ಲ. ಆದರೆ ಲಾಳಿ ನಿಂತರೆ ಮಗ್ಗದ ಮೇಲೆ ಉಳಿಯುವುದು ಬರೀ ದಾರ. ಅದನ್ನು ಯಾರೂ ಉಡಲಾರರು.

ಮಿಡ್‌ಫೀಲ್ಡರ್ ಎಂದರೆ ಲಾಳಿ. ಹಿಂದಿನವರು ಕಸಿದುಕೊಟ್ಟ ಚೆಂಡನ್ನು ಮುಂದಿನವರಿಗೆ ಮುಟ್ಟಿಸಬೇಕು. ಮುಂದಿನವರು ಕಳೆದುಕೊಂಡರೆ ಹಿಂದೆ ಓಡಿ ತಡೆಯಬೇಕು. ದೊಡ್ಡ ಮಟ್ಟದ ಪಂದ್ಯದಲ್ಲಿ ಅವನು 90 ನಿಮಿಷಕ್ಕೆ 10–12 ಕಿಲೋಮೀಟರ್ ಓಡುತ್ತಾನೆ. ಅಷ್ಟರಲ್ಲಿ ಚೆಂಡು ಅವನ ಕಾಲಲ್ಲಿರುವುದು ಹೆಚ್ಚೆಂದರೆ 2–3 ನಿಮಿಷ. ಉಳಿದ ಹೊತ್ತೆಲ್ಲ ಅವನು ಚೆಂಡಿಲ್ಲದೆ ಓಡುತ್ತಿರುತ್ತಾನೆ: ಗೆಳೆಯನಿಗೆ ಪಾಸ್ ಕೊಡಲು ಒಂದು ಜಾಗವಾಗಲು, ಎದುರಾಳಿಗೆ ಇದ್ದ ಜಾಗ ಮುಚ್ಚಲು. ನನ್ನ ಹುಡುಗ ಹೇಳಿದ್ದು ಸುಳ್ಳಲ್ಲ. ಓಡಾಡುವುದು ಹೌದು. “ಸುಮ್ನ” ಎಂಬ ಒಂದೇ ಶಬ್ದ ತಪ್ಪು.

ಈ ಹೋಲಿಕೆ ನಾನು ಎಳೆದುತಂದದ್ದಲ್ಲ, ಚಾಪ್‌ಮನ್‌ರ ಬದುಕಿನಲ್ಲೇ ಇದೆ. 1995ರಲ್ಲಿ ಅವರು ಪಂಜಾಬಿನ ಫಗ್ವಾಡಾದ ಜೆ.ಸಿ.ಟಿ. ತಂಡ ಸೇರಿದರು. ಜೆ.ಸಿ.ಟಿ. ಎಂದರೆ ಜಗತ್‌ಜಿತ್ ಕಾಟನ್ ಟೆಕ್ಸ್‌ಟೈಲ್, ಅಂದರೆ ಹತ್ತಿ ಬಟ್ಟೆಯ ಗಿರಣಿ. ನಮ್ಮ ಎರೆ ಹೊಲದ ಹತ್ತಿಯ ಜಾತಿಯದೇ ವಹಿವಾಟು. ಗಿರಣಿಯ ತಂಡ ಹುಟ್ಟಿದ್ದೂ 1971ರಲ್ಲಿ, ಚಾಪ್‌ಮನ್ ಹುಟ್ಟಿದ ವರ್ಷವೇ. ಆ ತಂಡದ ಮುಂಚೂಣಿಯಲ್ಲಿ ಕೇರಳದ ಐ.ಎಂ. ವಿಜಯನ್, ಸಿಕ್ಕಿಮಿನ ಬೈಚುಂಗ್ ಭುಟಿಯಾ; ನಡುವೆ ಬೆಂಗಳೂರಿನ ಚಾಪ್‌ಮನ್. 1996–97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ನಡೆದಾಗ ಗೆದ್ದದ್ದು ಜೆ.ಸಿ.ಟಿ.ಯೇ. 14 ಗೋಲು ಹೊಡೆದ ಭುಟಿಯಾ ಲೀಗಿನ ಅತಿ ಹೆಚ್ಚು ಗೋಲುಗಳ ಆಟಗಾರರಾದರು. ಆ 14 ದಾಖಲೆಯಲ್ಲಿದೆ. ಆ ಚೆಂಡುಗಳು ಅವರ ಕಾಲಿಗೆ ಹೇಗೆ ಬಂದವು, ಯಾರು ಯಾರಿಂದ ಕಸಿದು ಕಳಿಸಿದರು ಎಂಬುದನ್ನು ಆಗ ನಮ್ಮ ದೇಶದಲ್ಲಿ ಲೆಕ್ಕ ಇಡುವ ಪದ್ಧತಿಯೇ ಇರಲಿಲ್ಲ. 1997ರಲ್ಲಿ ಕಠ್ಮಂಡುವಿನ ಸ್ಯಾಫ್ ಕಪ್ ಫೈನಲಿನಲ್ಲಿ ಮಾಲ್ಡೀವ್ಸನ್ನು 5–1ರಿಂದ ಸೋಲಿಸಿದ ಭಾರತ ತಂಡದಲ್ಲೂ ಚಾಪ್‌ಮನ್ ಇದ್ದರು.

ಆಮೇಲೆ ಕೊಚ್ಚಿಯಲ್ಲಿ ಸ್ವಲ್ಪ ಕಾಲ ಆಡಿ ಮತ್ತೆ ಈಸ್ಟ್ ಬೆಂಗಾಲಿಗೆ ಬಂದರು. 2000–01ರಲ್ಲಿ ಈಸ್ಟ್ ಬೆಂಗಾಲ್ ತನ್ನ ಮೊದಲ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕ ಚಾಪ್‌ಮನ್. ಭಾರತ ತಂಡದ ನಾಯಕತ್ವವನ್ನೂ ವಹಿಸಿದರು. ಅದೇ 2001ರಲ್ಲಿ, ಮೂವತ್ತಕ್ಕೆ, ಆಟದಿಂದ ನಿವೃತ್ತರಾದರು. ನಮ್ಮ ಇಲಾಖೆಯಲ್ಲಿ ಮೂವತ್ತಕ್ಕೆ ಎಷ್ಟೋ ಜನರಿಗೆ ನೇಮಕಾತಿ ಆದೇಶವೇ ಬಂದಿರುವುದಿಲ್ಲ.

ಈ ಬದುಕಿನಲ್ಲಿ ಒಂದು ಮಾತು ಗಮನಿಸಿ. ಚಾಪ್‌ಮನ್ ಹೋದ ಎರಡು ಕಡೆ, ಗಿರಣಿಯ ತಂಡಕ್ಕೂ ಈಸ್ಟ್ ಬೆಂಗಾಲಿಗೂ, ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ ಬಂದದ್ದು ಅವರು ನಡುವೆ ಇದ್ದಾಗ. ಒಬ್ಬನಿಂದಲೇ ಬಂತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ನಡುವಿನವರಿಗೆ ಅವಮಾನ. ಆದರೆ ಫಾರ್ವರ್ಡ್‌ನನ್ನು ಅಳೆಯುವುದು ಅವನ ಗೋಲುಗಳಿಂದಾದರೆ, ಮಿಡ್‌ಫೀಲ್ಡರ್‌ನನ್ನು ಅಳೆಯುವುದು ಅವನಿದ್ದಾಗ ತಂಡ ಹೇಗಿತ್ತು, ಅವನು ಹೋದಮೇಲೆ ಹೇಗಾಯಿತು ಎಂಬುದರಿಂದ.

ಈ ಅಳತೆಗೋಲನ್ನು ಸ್ವಲ್ಪ ದೂರ ಒಯ್ದು ನೋಡೋಣ. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್‌ಫರ್ಡ್ ಎಂಬಲ್ಲಿ ಸ್ವತಂತ್ರ ಭಾರತ ಫ್ರಾನ್ಸಿನ ಎದುರು ಆಡಿತು. ನಮ್ಮವರಲ್ಲಿ ಬಹಳ ಜನರ ಕಾಲಲ್ಲಿ ಬೂಟು ಇರಲಿಲ್ಲ. ಎರಡು ಪೆನಾಲ್ಟಿ ಕೈತಪ್ಪಿದವು. 1–0 ಹಿಂದಿದ್ದಾಗ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಪಂದ್ಯ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು. ಆ ದಿನ ನಮಗೂ ಫ್ರಾನ್ಸಿಗೂ ಇದ್ದ ಅಂತರ ಒಂದೇ ಗೋಲು. ಐವತ್ತು ವರ್ಷದ ನಂತರ, 1998ರ ಜುಲೈ 12ರಂದು, ಫ್ರಾನ್ಸ್ ಬ್ರೆಜಿಲನ್ನು 3–0ರಿಂದ ಸೋಲಿಸಿ ವಿಶ್ವಕಪ್ ಎತ್ತಿತು. ಜಿದಾನ್ ತಲೆಯಿಂದ ಹೊಡೆದ ಎರಡು ಗೋಲು ಎಲ್ಲರಿಗೂ ನೆನಪಿವೆ. ಕಪ್ ಎತ್ತಿದ ನಾಯಕ ದಿದಿಯೇ ದೆಶಾಂಪ್. ನಿಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ದೆಶಾಂಪ್ ಫ್ರಾನ್ಸ್ ಪರವಾಗಿ 103 ಪಂದ್ಯ ಆಡಿದರು. ಹೊಡೆದದ್ದು 4 ಗೋಲು. ಅವರದೇ ದೇಶದ ದೊಡ್ಡ ಆಟಗಾರ ಎರಿಕ್ ಕಾಂಟೋನಾ ಅವರನ್ನು ನೀರು ಹೊರುವವನು ಎಂದು ಹಗುರವಾಗಿ ಕರೆದಿದ್ದರು. ಚಂದದ ಆಟ ಆಡುವವರು ಬೇರೆ, ಇವನು ಅವರಿಗೆ ನೀರು ತಂದುಕೊಡುವ ಆಳು ಎಂಬ ಅರ್ಥದಲ್ಲಿ.

ಸವದತ್ತಿಯವರೇ, ನಿಮಗೆ ಹೇಗನಿಸುತ್ತದೋ ಗೊತ್ತಿಲ್ಲ, ನನಗೆ ಇದನ್ನು ಓದಿ ನಗು ಬಂತು. ನೀರು ಹೊರುವುದು ಕೀಳು ಎಂದು ಯಲ್ಲಮ್ಮನ ಗುಡ್ಡದ ಸೀಮೆಯಲ್ಲಿ ಹೇಳಿ ದಕ್ಕಿಸಿಕೊಳ್ಳಲಾದೀತೆ? ನಮ್ಮ ರೇಣುಕೆ ದಿನ ಬೆಳಗಾದರೆ ಮಲಪ್ರಭೆಗೆ ಹೋಗಿ ಉಸುಕಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ, ನೀರು ಹೊತ್ತು ತಂದವಳು. ಉಸುಕಿನ ಕೊಡ ನಿಲ್ಲುವುದು ಮನಸ್ಸು ಚೆದುರದೆ ಇದ್ದಾಗ ಮಾತ್ರ. ಒಂದು ಗಳಿಗೆ ಚೆದುರಿದಾಗ ಏನಾಯಿತೆಂಬ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಮೈದಾನದ ನಡುವಿನವನ ಕಷ್ಟವೂ ಅದೇ. ಅವನು ಸರಿಯಾಗಿ ಕೊಟ್ಟ ಐವತ್ತು ಪಾಸ್ ಯಾರ ಲೆಕ್ಕಕ್ಕೂ ಇಲ್ಲ. ತಪ್ಪಿ ಹೋದ ಒಂದು ಪಾಸ್ ಎದುರಾಳಿಯ ಗೋಲಾದರೆ ಊರೆಲ್ಲ ಬೆರಳು ತೋರಿಸುತ್ತದೆ.

ಅದೇ ದೇಶದ ಇನ್ನೊಬ್ಬರು ಕ್ಲೋದ್ ಮಾಕೆಲೆಲೆ. ಫ್ರಾನ್ಸಿಗಾಗಿ 71 ಪಂದ್ಯ, ಒಂದೂ ಗೋಲಿಲ್ಲ. ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ ಇವರಿದ್ದ ಮೂರು ವರ್ಷದಲ್ಲಿ ಎರಡು ಸಲ ತನ್ನ ದೇಶದ ಲೀಗ್, ಒಂದು ಸಲ ಯುರೋಪಿನ ಕಪ್ ಗೆದ್ದಿತು. 2003ರಲ್ಲಿ ಕ್ಲಬ್ಬಿಗೆ ಹೆಸರಾಂತ ಆಟಗಾರ ಬೆಕಮ್ ಬಂದರು. ಮಾಕೆಲೆಲೆಯನ್ನು ಇಂಗ್ಲೆಂಡಿನ ಚೆಲ್ಸಿಗೆ ಮಾರಿದರು. ಸೆರಗಿಗೆ ಜರಿ ಹೆಚ್ಚಿಸಿ ಹೊಕ್ಕಿನ ನೂಲು ತೆಗೆದ ಹಾಗಾಯಿತು. ಮ್ಯಾಡ್ರಿಡ್ ಮತ್ತೆ ಲೀಗ್ ಗೆದ್ದದ್ದು 2007ರಲ್ಲಿ. ಚೆಲ್ಸಿ ತನ್ನ ದೇಶದ ಲೀಗನ್ನು 2005ರಲ್ಲೂ 2006ರಲ್ಲೂ ಗೆದ್ದಿತು. ಅವರು ನಿಲ್ಲುತ್ತಿದ್ದ ಜಾಗಕ್ಕೆ ಇಂಗ್ಲೆಂಡಿನವರು ಅವರ ಹೆಸರನ್ನೇ ಇಟ್ಟರು.

ಈಗ ಮತ್ತೆ ನಮ್ಮವರಿಗೆ ಬರುತ್ತೇನೆ. ದೆಶಾಂಪ್ ಆಟ ಬಿಟ್ಟದ್ದೂ 2001ರಲ್ಲೇ, ಚಾಪ್‌ಮನ್ ಬಿಟ್ಟ ವರ್ಷವೇ. ಇಬ್ಬರೂ ತರಬೇತುದಾರರಾದರು. ನಡುವೆ ನಿಂತವನಿಗೆ ಹಿಂದಿನವನ ಭಯವೂ ಮುಂದಿನವನ ಆಸೆಯೂ ಗೊತ್ತಿರುತ್ತವೆ, ಕಲಿಸುವ ಕೆಲಸ ಅವನಿಗೆ ಒಗ್ಗುತ್ತದೆ. ದೆಶಾಂಪ್ 2018ರಲ್ಲಿ ತರಬೇತುದಾರನಾಗಿ ಮತ್ತೊಮ್ಮೆ ವಿಶ್ವಕಪ್ ಗೆದ್ದರು. ಆಡಿಯೂ ಆಡಿಸಿಯೂ ಅದನ್ನು ಗೆದ್ದವರು ಜಗಾಲೋ, ಬೆಕನ್‌ಬೌರ್ ಬಿಟ್ಟರೆ ಅವರೊಬ್ಬರೇ. ಚಾಪ್‌ಮನ್ ತಾವು ಕಲಿತ ಟಾಟಾ ಅಕಾಡೆಮಿಗೇ ಹೋಗಿ ಹುಡುಗರಿಗೆ ಕಲಿಸಿದರು. ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ ತಂಡವನ್ನು ತಿದ್ದಿದರು. ಕೊನೆಯ ವರ್ಷಗಳಲ್ಲಿ ಕೋಳಿಕ್ಕೋಡಿನ ಒಂದು ಅಕಾಡೆಮಿಯಲ್ಲಿ ಮಕ್ಕಳ ಜೊತೆ ಇದ್ದರು. ಅವರು ಹೋದ ಊರುಗಳಲ್ಲಿ ಕ್ಯಾಮೆರಾ ಕಡಿಮೆ, ಹುಡುಗರು ಹೆಚ್ಚು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. 49 ವರ್ಷ.

ಒಬ್ಬನು ವಿಶ್ವದ ಕಣ್ಣೆದುರು, ಇನ್ನೊಬ್ಬನು ಶಿಲ್ಲಾಂಗಿನ ಮಳೆಯಲ್ಲಿ. ಅವರ ಪ್ರತಿಭೆ ಒಂದೇ ತೂಕದ್ದು ಎಂದು ನಾನು ವಾದಿಸುವುದಿಲ್ಲ. ಅವರ ಹಿಂದೆ ನಿಂತ ವ್ಯವಸ್ಥೆಗಳ ತೂಕ ಬೇರೆ ಎಂದಷ್ಟೇ ಹೇಳುತ್ತೇನೆ. ಬೆಂಗಳೂರಿನ ಹುಡುಗ ಆಟಗಾರನಾಗಲು ಜಮ್ಶೆಡ್‌ಪುರಕ್ಕೆ ಹೋಗಬೇಕಾಯಿತು. ಹೊಟ್ಟೆಪಾಡಿಗೆ ಉಕ್ಕಿನ ಕಂಪನಿ, ಹತ್ತಿ ಗಿರಣಿ, ಕೋಲ್ಕತ್ತದ ಕ್ಲಬ್ಬು ಬೇಕಾದವು. ಆ ಗಿರಣಿಯ ತಂಡ 2011ರಲ್ಲಿ ಮುಚ್ಚಿತು. ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡವೇ ಉಳಿಯಲಿಲ್ಲ. ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದದ್ದು 2023ರ ಮಾರ್ಚ್ 4ರಂದು, ರಿಯಾದಿನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ. ನಡುವೆ 54 ವರ್ಷ ಕಳೆದಿದ್ದವು. ಸೋತ ತಂಡ ಶಿಲ್ಲಾಂಗಿನ ನಾಡಿನದು ಎಂದು ಓದಿದಾಗ ನನಗೆ ಚಾಪ್‌ಮನ್ ನೆನಪಾದರು. ಎರಡೂ ಕಡೆ ಅವರದೇ ಮಕ್ಕಳು.

ಬೆಂಗಳೂರಿನವನಿಗೇ ಇಷ್ಟು ದೂರವಾದರೆ, ಅಲ್ಲಿಂದ ಐನೂರು ಕಿಲೋಮೀಟರಿನ ಹತ್ತಿರ ಇರುವ ನಮ್ಮ ಹುಡುಗರ ಗತಿ ಏನು? ನಮ್ಮ ನಾಲ್ಕು ತಾಲೂಕುಗಳಿಂದ ಚಾಪ್‌ಮನ್ ಬರಲಿ ಎಂದು ಭಾಷಣದಲ್ಲಿ ಹಾರೈಸುವುದು ಸುಲಭ. ನಾನು ಇಷ್ಟೇ ಕೇಳುತ್ತೇನೆ. ಇಲ್ಲಿರುವ ಪಿ.ಟಿ. ಮಾಸ್ತರರು, ಬಾಯಿಯವರು ತಮ್ಮ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಹೆಚ್ಚು ಎಳೆಯಲಿ. ಗೋಲು ಹೊಡೆದವನ ಹೆಸರಿನ ಪಕ್ಕದಲ್ಲಿ ಚೆಂಡು ಕೊಟ್ಟವನ ಹೆಸರು, ಅದರ ಪಕ್ಕದಲ್ಲಿ ಚೆಂಡು ಕಸಿದವನ ಹೆಸರು. ತಾಲೂಕು ಮಟ್ಟದ ಬಹುಮಾನ ಹಂಚುವಾಗ ಆ ಹೆಸರನ್ನೂ ಮೈಕಿನಲ್ಲಿ ಕೂಗಲಿ. ಕುಸ್ತಿಯ ಪೈಲ್ವಾನನ ಹಿಂದೆ ಎಣ್ಣೆ ತಿಕ್ಕಿ, ಮಣ್ಣು ಅಗೆದು, ಜೊತೆಗೆ ಹಿಡಿದು ತಾಲೀಮು ಮಾಡಿಸಿದ ಜೋಡಿಯವರು ಇರುತ್ತಾರೆ. ಖೋಖೋದಲ್ಲಿ ತಾನು ಎದ್ದು ಇನ್ನೊಬ್ಬನಿಗೆ ಖೋ ಕೊಡುವವನಿದ್ದಾನೆ. ಮುಂದಿನ ಸಾಲಿನ ಅಜ್ಜಾರ ಪ್ರಶ್ನೆಗೆ ಇದೇ ನನ್ನ ಉತ್ತರ: ನಾನು ಕುಸ್ತಿ ಬಿಟ್ಟು ಚೆಂಡು ಹಿಡಿದಿಲ್ಲ, ಎಲ್ಲ ಆಟದಲ್ಲೂ ಇರುವ ಆ ನಡುವಿನವನನ್ನು ಹಿಡಿಯಲು ಬಂದೆ.

ಕೊನೆಗೆ ಆ ಹುಡುಗ. ಗದರಿಸಿದ ಮೇಲೆ ಅವನು ನಡುವೆ ನಿಂತ. ಆ ವರ್ಷ ನಮ್ಮ ಶಾಲೆ ತಾಲೂಕಿನ ಎರಡನೇ ಸುತ್ತಿಗೇ ಸೋತಿತು, ದೊಡ್ಡ ಕಥೆಯೇನಿಲ್ಲ. ಈಗ ಅವನು ತನ್ನೂರಿನಲ್ಲಿ ವಾಟರ್‌ಮನ್. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೋಟಾರು ಹಾಕಿ, ಓಣಿ ಓಣಿಗೆ ವಾಲ್ವು ತಿರುಗಿಸುತ್ತ ಸೈಕಲ್ ಮೇಲೆ ತಿರುಗುತ್ತಾನೆ. ಈ ಉಪನ್ಯಾಸ ಬರೆಯುವಾಗ ಹೋಗಿ ಭೇಟಿಯಾದೆ. “ಹೆಂಗ ನಡದೈತಪಾ ಕೆಲಸ?” ಎಂದೆ. ನೀರು ಬಂದ ದಿನ ಯಾರೂ ಅವನ ಹೆಸರು ಎತ್ತುವುದಿಲ್ಲ. ಬರದ ದಿನ ಊರೆಲ್ಲ ಅವನ ಮೊಬೈಲಿಗೆ ಫೋನು. ವಾಲ್ವಿನ ಮೇಲೆ ಬಾಗಿಕೊಂಡೇ ನಕ್ಕು ಹೇಳಿದ: “ಏನಿಲ್ರಿ ಸರ, ಸುಮ್ನ ಓಡಾಡೂದು ಅಷ್ಟ.”